ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾರದ ಭಾಷೆಯಲ್ಲಿ ಸಿನಿಮಾ

ಪ್ರಶ್ನೆ: ನಾನು ಶಿರಸಿಯವಳು, ಆರು ವರ್ಷಗಳಿಂದ ಕಾರವಾರದಲ್ಲಿ ಶಿಕ್ಷಕಿಯಾಗಿದ್ದೇನೆ. ಮೀನು ಮಾರುವ ಅಕ್ಕ-ತಂಗಿಯರ ಬಗ್ಗೆ ಕಿರುಚಿತ್ರವೊಂದನ್ನು ಬರೆದಿದ್ದೇನೆ. ಅವರ ಮಾತು ಕೊಂಕಣಿ; ನನಗೆ ಅದು ಅರ್ಥವಾಗುತ್ತದೆ, ಆಡಲು ಬಾರದು. ಹೊರದೇಶದ ಚಿತ್ರೋತ್ಸವಗಳಲ್ಲಿ ಹೆಸರು ಮಾಡುತ್ತಿರುವ ಹೊಸ ನಿರ್ದೇಶಕರು ಇಂಥ ಸಂದರ್ಭದಲ್ಲಿ ಏನು ಮಾಡುತ್ತಾರೆ?
– ಓದುಗರೊಬ್ಬರು, ಕಾರವಾರ

ಉತ್ತರ: ಭಾಷೆ ಬಾರದೆಂಬ ಕಾರಣಕ್ಕೆ ಈ ಕಥೆಯನ್ನು ಕೈಬಿಡಬೇಡಿ, ದಯವಿಟ್ಟು ಅದನ್ನು ಕನ್ನಡಕ್ಕೂ ತಿರುಗಿಸಬೇಡಿ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾನ್ ಪ್ರಿ ಪ್ರಶಸ್ತಿ ಪಡೆದ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಚಿತ್ರದಲ್ಲಿ ಮುಂಬೈಯಲ್ಲಿ ದುಡಿಯುವ ಕೇರಳದ ನರ್ಸ್‌ಗಳು ಮಲಯಾಳಂನಲ್ಲಿ ಮಾತಾಡುತ್ತಾರೆ. ನಿರ್ದೇಶಕಿ ಪಾಯಲ್ ಕಪಾಡಿಯಾ ಅವರಿಗೆ ಆ ಭಾಷೆ ಬಾರದು. ಅವರು ಮಲಯಾಳಂ ಬಲ್ಲ ಸಂಗಾತಿಗಳೊಡನೆ ಕೂತು ಸಂಭಾಷಣೆ ಕಟ್ಟಿದರು, ನಟಿಯರಾದ ಕನಿ ಕುಸೃತಿ ಮತ್ತು ದಿವ್ಯಪ್ರಭಾ ಅವರೊಡನೆ ಮೊದಲೇ ತಾಲೀಮು ನಡೆಸಿದರು. ಆ ಚಿತ್ರದ ಕೊನೆಯ ಭಾಗ ನಡೆಯುವುದು ರತ್ನಾಗಿರಿ ಕಡೆಯ ಕರಾವಳಿಯಲ್ಲಿ. ನಿಮ್ಮ ಕಿಟಕಿಯಾಚೆಗಿನ ಸಮುದ್ರವೇ ಅದು, ಆದ್ದರಿಂದ ಒಮ್ಮೆ ನೋಡಲೇಬೇಕು.

ನಿಮಗೆ ನನ್ನ ಸಲಹೆ ಇಷ್ಟು. ಸಂತೆ ತೆಳುವಾಗುವ ಮಧ್ಯಾಹ್ನದ ಹೊತ್ತಿನಲ್ಲಿ ಆ ಹೆಂಗಸರ ಬಳಿ ಹೋಗಿ, ದೃಶ್ಯವನ್ನು ಕಥೆಯ ಹಾಗೆ ಹೇಳಿ, ಅವರು ಅದನ್ನು ತಮ್ಮ ಮಾತಿನಲ್ಲಿ ಹೇಗೆ ಆಡುತ್ತಾರೆಂಬುದನ್ನು ಕೇಳಿಸಿಕೊಳ್ಳಿ. ‘ಇವತ್ತು ವ್ಯಾಪಾರ ಆಗಲಿಲ್ಲ’ ಎಂದು ನೀವು ಬರೆದಿರುವ ಸಾಲನ್ನು ಅವರಲ್ಲೊಬ್ಬರು ಬುಟ್ಟಿಯ ಮೇಲಿನ ಒದ್ದೆ ಗೋಣಿಯನ್ನು ಸರಿಸುತ್ತ ಅರ್ಧಕ್ಕೇ ನಿಲ್ಲಿಸಬಹುದು. ಉಳಿದರ್ಧವನ್ನು ಬುಟ್ಟಿಯಲ್ಲಿ ಉಳಿದ ಬಂಗುಡೆಯೇ ಹೇಳಿಬಿಡುತ್ತದೆ. ಆ ಅರ್ಧ ಸಾಲನ್ನು ಮನೆಯಲ್ಲಿ ಕೂತು ಬರೆಯಲು ನಿಮಗಾಗಲಿ ನನಗಾಗಲಿ ಸಾಧ್ಯವಿಲ್ಲ.

ಅವರಲ್ಲೇ ಯಾರನ್ನಾದರೂ ನಟಿಸಲು ಒಪ್ಪಿಸಿದರೆ ಇನ್ನೂ ಒಳ್ಳೆಯದು. ನಿಮ್ಮ ಶಿರಸಿ ಸೀಮೆಯವರೇ ಆದ ನಟೇಶ್ ಹೆಗಡೆ 2021ರಲ್ಲಿ ಬುಸಾನ್ ಚಿತ್ರೋತ್ಸವಕ್ಕೆ ಹೋದ ‘ಪೆದ್ರೊ’ ಚಿತ್ರದ ಮುಖ್ಯ ಪಾತ್ರವನ್ನು ತಮ್ಮ ತಂದೆಯವರಿಂದಲೇ ಮಾಡಿಸಿದ್ದಾರೆ. ಜಪಾನಿನ ರ‍್ಯೂಸುಕೆ ಹಮಗುಚಿ ಈಗ ಹೆಸರಾಂತರಾಗಿದ್ದರೂ, ಅಷ್ಟಾಗಿ ಪ್ರಸಿದ್ಧರಲ್ಲದ ಕಾಲದಲ್ಲಿ ಕೋಬೆ ನಗರದಲ್ಲಿ ನಟನೆಯ ಅನುಭವವಿಲ್ಲದವರಿಗಾಗಿ ಕಾರ್ಯಾಗಾರ ನಡೆಸಿ, ಅದರಿಂದಲೇ ‘ಹ್ಯಾಪಿ ಅವರ್’ ಎಂಬ ಐದು ಗಂಟೆಗೂ ಮೀರಿದ ಚಿತ್ರವನ್ನು ರೂಪಿಸಿದರು. 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದರ ನಾಲ್ವರು ನಟಿಯರಿಗೂ ಸೇರಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಹಮಗುಚಿಯವರ ಪದ್ಧತಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು, ಭಾವವನ್ನೆಲ್ಲ ಬಿಟ್ಟು, ಮಾತುಗಳನ್ನು ಮತ್ತೆ ಮತ್ತೆ ಓದುತ್ತಾರೆ. ಭಾವ ಬರುವುದು ಕ್ಯಾಮೆರಾ ಮುಂದೆ, ಎದುರಿನವರ ಮಾತು ಕೇಳಿಸಿದಾಗ. ತಾಳಮದ್ದಲೆಯ ಏರುದನಿ ಕೇಳಿ ಬೆಳೆದ ನಮಗೆ ಇದು ವಿಚಿತ್ರವೆನಿಸಬಹುದು, ಆದರೂ ಒಂದು ಸಂಜೆ ಪ್ರಯತ್ನಿಸಿ ನೋಡಿ.

ಪ್ರಶ್ನೆ: ನಾವು ಮೂವರು ಗೆಳೆಯರು ಕಿರುಚಿತ್ರ ಮಾಡುತ್ತಿದ್ದೇವೆ. ಕ್ಯಾಮೆರಾ ಹಿಡಿದವನಿಗೂ ನಿರ್ದೇಶಕನಿಗೂ ಪ್ರತಿಯೊಂದು ಶಾಟ್‌ಗೂ ಜಗಳ. ಕೊನೆಗೆ ಯಾರ ಮಾತು ನಡೆಯಬೇಕು?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಕೊನೆಯ ಮಾತು ನಿರ್ದೇಶಕನದೇ. ಆದರೆ ಪ್ರತಿ ಶಾಟ್‌ಗೂ ಕೊನೆಯ ಮಾತು ಬೇಕಾಗುತ್ತಿದೆ ಎಂದರೆ, ಆಡಬೇಕಾದ ಮೊದಲ ಮಾತುಗಳನ್ನು ನೀವು ಆಡಿಯೇ ಇಲ್ಲ ಎಂದು ನನಗನಿಸುತ್ತದೆ. ನಿಮ್ಮೂರಿನ ಯಕ್ಷಗಾನದ ಆಟದಲ್ಲಿ ಪದ್ಯ ಹಾಡುವ ಭಾಗವತರನ್ನು ಮೊದಲ ವೇಷವೆಂದು ಕರೆಯುತ್ತಾರಲ್ಲವೇ? ಅವರು ವೇಷಧಾರಿಯ ಹೆಜ್ಜೆಯ ಮೇಲೆ ಕಣ್ಣಿಟ್ಟು, ಅವನಿಗೆ ಕುಣಿಯುವ ಹುಮ್ಮಸ್ಸಿದೆ ಎಂದು ಕಂಡಾಗ ಪದ್ಯದ ಸಾಲನ್ನು ಇನ್ನೊಮ್ಮೆ ಎತ್ತಿಕೊಡುತ್ತಾರೆ. ರಂಗದ ಮೇಲೆ ಅವರಿಬ್ಬರೂ ಚರ್ಚೆಗೆ ನಿಲ್ಲುವುದಿಲ್ಲ. ಆ ಹೊಂದಾಣಿಕೆ ಹಲವು ರಾತ್ರಿಗಳ ಒಡನಾಟದಿಂದ ಬಂದದ್ದು.

ಹೊಸ ನಿರ್ದೇಶಕರು ಹಳೆಯ ಒಡನಾಡಿಗಳನ್ನು ಬಿಡದಿರುವುದಕ್ಕೂ ಕಾರಣ ಇದೇ. ಕಪಾಡಿಯಾ ಅವರ ಛಾಯಾಗ್ರಾಹಕ ರಣಬೀರ್ ದಾಸ್ ಪುಣೆಯ ಚಲನಚಿತ್ರ ಸಂಸ್ಥೆಯ ದಿನಗಳಿಂದಲೂ ಅವರ ಜೊತೆಗಿದ್ದಾರೆ. 2022ರಲ್ಲಿ ‘ಆಫ್ಟರ್‌ಸನ್’ ಮಾಡಿದ ಸ್ಕಾಟ್ಲೆಂಡಿನ ಶಾರ್ಲೆಟ್ ವೆಲ್ಸ್ ತಮ್ಮ ಛಾಯಾಗ್ರಾಹಕರನ್ನೂ ಸಂಕಲನಕಾರರನ್ನೂ ಆರಿಸಿಕೊಂಡದ್ದು ನ್ಯೂಯಾರ್ಕ್‌ನಲ್ಲಿ ಜೊತೆಗೆ ಓದಿದವರಿಂದ. ತಂದೆ-ಮಗಳ ಪಾತ್ರ ಮಾಡಿದ ಪಾಲ್ ಮೆಸ್ಕಲ್ ಮತ್ತು ಬಾಲಕಿ ಫ್ರಾಂಕಿ ಕೊರಿಯೊ ಚಿತ್ರೀಕರಣಕ್ಕೆ ಮುಂಚೆಯೇ ಟರ್ಕಿಯಲ್ಲಿ ಸುಮಾರು ಎರಡು ವಾರ ಒಟ್ಟಿಗೆ ಕಳೆಯುವಂತೆ ಮಾಡಿದರು. ತೆರೆಯ ಮೇಲಿನ ಅವರ ಸಲುಗೆ ಅಲ್ಲಿಂದ ಬಂದದ್ದು.

ಕನ್ನಡದ್ದೇ ಉದಾಹರಣೆ ಬೇಕಾದರೆ, ಮೈಸೂರಿನ ಚಿದಾನಂದ ನಾಯಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಕಿರುಚಿತ್ರವನ್ನು ನೋಡಿ. ಮುದುಕಿಯೊಬ್ಬಳು ಹುಂಜವನ್ನು ಕದ್ದದ್ದರಿಂದ ಊರಿಗೆ ಬೆಳಗೇ ಆಗದ ಜಾನಪದ ಕಥೆಯಿದು. 2024ರಲ್ಲಿ ಕಾನ್‌ನ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಸಹಪಾಠಿಗಳ ತಂಡ ಅದನ್ನು ನಾಲ್ಕೇ ದಿನಗಳಲ್ಲಿ ಚಿತ್ರೀಕರಿಸಿತು. ಕತ್ತಲೆಯ ಕಥೆಯನ್ನು ನಾಲ್ಕು ದಿನಗಳಲ್ಲಿ ಮುಗಿಸಬೇಕಾದವರಿಗೆ ದೀಪ ಎಲ್ಲಿಡಬೇಕೆಂದು ಸ್ಥಳದಲ್ಲಿ ನಿಂತು ಜಗಳವಾಡುವಷ್ಟು ಪುರಸೊತ್ತು ಎಲ್ಲಿರುತ್ತದೆ? ನೀವೂ ಒಂದು ವಾರ ಕ್ಯಾಮೆರಾ ಮುಟ್ಟದೆ, ಮೂವರೂ ಸ್ಥಳಕ್ಕೆ ಹೋಗಿ, ಬೆಳಕು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆಂದು ನೋಡಿ ಬರೆದುಕೊಳ್ಳಿ.

ಪ್ರಶ್ನೆ: ಚಿತ್ರಶಾಲೆಯಲ್ಲಿ ಕಲಿಯದೆ, ತಂಡವೂ ಇಲ್ಲದೆ ಸಿನಿಮಾ ಮಾಡಲಾದೀತೇ?
– ಓದುಗರೊಬ್ಬರು, ಕುಮಟಾ

ಉತ್ತರ: ಆದೀತು. ಅಸ್ಸಾಮಿನ ರಿಮಾ ದಾಸ್ ಸ್ವಂತವಾಗಿ ಕಲಿತವರು. 2017ರ ‘ವಿಲೇಜ್ ರಾಕ್‌ಸ್ಟಾರ್ಸ್’ ಚಿತ್ರದ ಬರವಣಿಗೆ, ಛಾಯಾಗ್ರಹಣ, ಸಂಕಲನ ಎಲ್ಲವೂ ಅವರದೇ. ನಟಿಸಿದವರು ಅವರ ಹುಟ್ಟೂರು ಛಯಗಾಂವ್‌ನ ಮಕ್ಕಳು. ಅದಕ್ಕೆ ಅವರು ಮೂರು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟರು. ನಿಮ್ಮಲ್ಲಿ ತಂಡವಿಲ್ಲದಿದ್ದರೆ, ಅಷ್ಟು ಕಾಲ ಕೊಡಲು ನಿಮ್ಮಿಂದಾಗುತ್ತದೆಯೇ ಎಂಬುದನ್ನು ಮೊದಲು ಲೆಕ್ಕ ಹಾಕಿಕೊಳ್ಳಿ.