ಅರ್ಧ ಗಾಜಿಗೇ ನಿಲ್ಲುವ ವೈಪರ್
ನಮಸ್ಕಾರ ಸರ್. ನಿಮ್ಮ 1970ರ ಎಂಜಿಬಿ ಕಾರಿನ ವೈಪರ್ ತೆವಳುತ್ತಾ ಬಂದು ಅರ್ಧ ಗಾಜಿಗೇ ನಿಲ್ಲುತ್ತೆ, ಮೋಟರ್ ಬದಲಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬದಲಿಸಬೇಡಿ. ಇಲ್ಲಿ ದಾವಣಗೆರೆಯಲ್ಲಿ ನನ್ನ ಗಾಡಿಗೂ ಇದೇ ಆಗಿತ್ತು.

ಮೊದಲು ವೈಪರ್ ಆರ್ಮ್‌ಗಳನ್ನು ಕಳಚಿ. ಮೋಟರಿನ ಗೇರ್ ಮುಚ್ಚಳ ಬಿಚ್ಚಿ, ಪೈಪಿನೊಳಗೆ ಹಾದು ವೈಪರ್‌ಗಳನ್ನು ಆಡಿಸುವ ಉದ್ದ ಕೇಬಲ್ ಬಿಡಿಸಿ, ಬರೀ ಮೋಟರ್ ಓಡಿಸಿ ನೋಡಿ. ಜೋರಾಗಿ ತಿರುಗಿತಾ? ಹಾಗಿದ್ದರೆ ತೊಂದರೆ ಕೇಬಲ್ ಪೈಪಿನ ಕಡೆಗೇ. ನನ್ನದರಲ್ಲಿ ಹಳೇ ಗ್ರೀಸ್ ಒಣಗಿ ಬೆಲ್ಲದಚ್ಚಿನ ಹಾಗೆ ಗಟ್ಟಿಯಾಗಿತ್ತು, ಉಗುರಿನಲ್ಲಿ ಕೆರೆದರೂ ಬರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸ್ ಹಚ್ಚಿದೆ. ಅಷ್ಟೇ.

ಬರೀ ಮೋಟರೂ ನಿಧಾನವಾದರೆ ಅರ್ತ್ ವೈರಿನ ತುದಿ ಉಜ್ಜಿ, ಆಮೇಲೆ ಮೋಟರಿನೊಳಗಿನ ಕಾರ್ಬನ್ ಬ್ರಷ್ ಸವೆದಿದೆಯಾ ನೋಡಿ. ಜೋಡಿಸುವಾಗ ಮೋಟರ್ ಪಾರ್ಕ್ ಜಾಗದಲ್ಲಿ (ಸ್ವಿಚ್ ಆಫ್ ಮಾಡಿದಾಗ ತಾನಾಗಿ ಬಂದು ನಿಲ್ಲುವ ಜಾಗ) ನಿಂತ ಮೇಲೆಯೇ ಆರ್ಮ್ ಹಾಕಿ.