ಭೂಕಂಪ, ಚಂಡಮಾರುತ, ಗುಡ್ಡ ಕುಸಿತ: ಇವೆಲ್ಲ ಯಾಕೆ ಆಗುತ್ತವೆ?

ಎಲ್ಲಕ್ಕೂ ಒಂದೇ ಕಾರಣ ಇಲ್ಲ. ಕೆಲವು ನೆಲದೊಳಗಿಂದ ಬರುತ್ತವೆ, ಕೆಲವು ಗಾಳಿ ಮಳೆಯಿಂದ.

ಭೂಮಿಯ ಹೊರಪದರ ದೊಡ್ಡ ದೊಡ್ಡ ತುಂಡುಗಳಾಗಿ ಒಡೆದಿದೆ. ಅವು ಒಂದನ್ನೊಂದು ಒತ್ತುತ್ತಾ ತುಂಬಾ ನಿಧಾನವಾಗಿ ಸರಿಯುತ್ತಿರುತ್ತವೆ. ಒತ್ತಡ ತಾಳಲಾರದೆ ಬಂಡೆ ಸರಕ್ಕನೆ ಜಾರಿದರೆ ಭೂಕಂಪ. 2001ರ ಜನವರಿ 26ರಂದು ಭುಜ್ ಕಡೆ ಆಗಿದ್ದು ಇದೇ. ಸಮುದ್ರದ ತಳದಲ್ಲಿ ಹೀಗಾದರೆ ಸುನಾಮಿ ಏಳಬಹುದು, 2004ರಲ್ಲಿ ಸುಮಾತ್ರಾ ಹತ್ತಿರ ಆದ ಹಾಗೆ. ಚಂಡಮಾರುತಕ್ಕೆ ಬಿಸಿ ಸಮುದ್ರ ಬೇಕು; ಸಾಮಾನ್ಯವಾಗಿ ಮೇಲಿನ ನೀರು 26–27 ಡಿಗ್ರಿಯಾದರೂ ಇರಬೇಕು.

ನಮ್ಮವರಿಗೆ ಈಚೆಗೆ ಜಾಸ್ತಿ ಕಾಡಿದ್ದು ಗುಡ್ಡ ಕುಸಿತ. 2018ರ ಆಗಸ್ಟ್‌ನಲ್ಲಿ ಕೊಡಗು. 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳು ಪಕ್ಕದ ವಯನಾಡು. ಒಂದು ಮಳೆ ಬಂತು ಅಂತ ಗುಡ್ಡ ಸುಮ್ನೆ ಜಾರುವುದಿಲ್ಲ. ದಿನಗಟ್ಟಲೆ ಸುರಿದ ನೀರು ಇಳಿದು ಮಣ್ಣು ಭಾರವಾಗುತ್ತದೆ. ಕಣಗಳ ನಡುವೆ ನೀರು ತುಂಬಿ ಒತ್ತುವುದರಿಂದ ಅವುಗಳ ಹಿಡಿತ ಸಡಿಲವಾಗುತ್ತದೆ. ರಸ್ತೆಗೋ ಮನೆಗೋ ಅಂತ ನಾವು ಗುಡ್ಡದ ಬುಡ ಕಡಿದಿದ್ದರೆ ಕೆಳಗಿನ ಆಸರೆಯೂ ಇರುವುದಿಲ್ಲ. ಆಮೇಲೆ ತಪ್ಪೆಲ್ಲ ಮಳೆಯದೇ ಅನ್ನುತ್ತೇವೆ, ಅಲ್ವಾ?

ಗುಡ್ಡ ಕೆಲವು ಸಲ ಮೊದಲೇ ಸುಳಿವು ಕೊಡುತ್ತದೆ. ಅಂಗಳದಲ್ಲಿ ಹೊಸ ಬಿರುಕು, ವಾಲಿದ ಕರೆಂಟ್ ಕಂಬ, ನಿನ್ನೆವರೆಗೆ ಸರಿಯಾಗಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ತಿಳಿಯಾಗಿದ್ದ ತೊರೆ ಕೆಂಪಾಗುವುದು. ಇವು ಕಂಡರೆ ಮಳೆ ನಿಲ್ಲಲಿ ಅಂತ ಕಾಯಬೇಡಿ, ತಕ್ಷಣ ಹೊರಡಿ. ಸಾಮಾನು ಆಮೇಲೆ ನೋಡಿಕೊಳ್ಳಬಹುದು.