ವಲಸೆ ಹಕ್ಕಿಗಳಿಗೆ ಉಂಗುರ ಹಾಕುವ ಕಡೆ ಸ್ವಯಂಸೇವಕರು ಏನು ಮಾಡುತ್ತಾರೆ? ಹಕ್ಕಿಗೆ ನೋವಾಗಲ್ವಾ?

ನಾನಿರುವುದು ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿಯಲ್ಲಿ. ಊರಿನ ಪಕ್ಕದ ಲಕ್ಕಿ ಪೀಕ್ ಬೆಟ್ಟದ ಮೇಲೆ ಇಂಟರ್‌ಮೌಂಟನ್ ಬರ್ಡ್ ಅಬ್ಸರ್ವೇಟರಿ ಎನ್ನುವ ಸಂಸ್ಥೆಯವರು ಪ್ರತಿ ವರ್ಷ ಹಕ್ಕಿ ಹಿಡಿದು, ಕಾಲಿಗೆ ನಂಬರಿನ ಉಂಗುರ ಹಾಕಿ ಬಿಡುತ್ತಾರೆ, ಅದೇ ಹಕ್ಕಿ ಮತ್ತೆ ಸಿಕ್ಕರೆ ಗುರುತಾಗಲಿ ಅಂತ. ಬಾಯ್ಸಿ ಸ್ಟೇಟ್ ಯೂನಿವರ್ಸಿಟಿಗೆ ಸೇರಿದ ಸಂಸ್ಥೆ ಅದು. ಮೂರು ವರ್ಷದಿಂದ ರಜಾ ದಿನಗಳಲ್ಲಿ ನಾನೂ ಹೋಗುತ್ತಿದ್ದೇನೆ. ಮೊದಲ ಸೀಸನ್ ಪೂರ್ತಿ ಒಂದು ಹಕ್ಕಿಗೂ ಉಂಗುರ ಹಾಕಲಿಲ್ಲ. ಬರೆದುಕೊಂಡೆ, ಅಷ್ಟೇ.

ಯಾಕೆಂದರೆ ಇಲ್ಲಿ ಉಂಗುರ ಹಾಕಲು ಕೇಂದ್ರ ಸರ್ಕಾರದ ಪರವಾನಗಿ ಬೇಕು. ಉಂಗುರಗಳೂ ಸರ್ಕಾರದ ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಯಿಂದಲೇ ಬರುತ್ತವೆ. 1920ರಿಂದ ದೇಶದ ಲೆಕ್ಕವೆಲ್ಲ ಅವರ ಹತ್ತಿರವೇ ಇದೆ. ಹೊಸಬರಿಗೆ ಸಿಗುವ ಕೆಲಸ ಅಂದರೆ ಬಲೆಗಳ ಸುತ್ತು ಹೊಡೆಯುವುದು, ಹಕ್ಕಿ ಇಟ್ಟ ಚೀಲ ಹೊರುವುದು, ಪಟ್ಟಿ ಬರೆಯುವುದು.

ಬರೆಯುವುದೇನು ಮಹಾ ಅಂದುಕೊಂಡಿದ್ದೆ. ಅಲ್ಯುಮಿನಿಯಂ ಉಂಗುರಗಳು ಸರದಂತೆ ಪೋಣಿಸಿ ಬರುತ್ತವೆ, ನಂಬರ್ ಒಂದರ ಹಿಂದೆ ಒಂದು. ಒಂದು ದಿನ ಗಾಳಿ ಜಾಸ್ತಿ ಇತ್ತು. ಉಂಗುರ ಹಾಕುವವರು ಕೊನೆಯ ಅಂಕಿ ‘ಫೈವ್’ ಅಂದರು, ನನಗೆ ‘ನೈನ್’ ಅಂತ ಕೇಳಿಸಿತು. ನಾಲ್ಕು ಹಕ್ಕಿ ಆದ ಮೇಲೆ ನಿಜವಾದ 9 ಬಂತು. ಒಂದೇ ನಂಬರಿಗೆ ಪಟ್ಟಿಯಲ್ಲಿ ಎರಡು ಹಕ್ಕಿ! ಮೊದಲನೆಯದು ಆಗಲೇ ಹಾರಿಹೋಗಿತ್ತು. ಸರ ಇದ್ದದ್ದರಿಂದ ಬಚಾವ್, ಅಲ್ಲೇ ತಿದ್ದಿಕೊಂಡೆವು. ಅವತ್ತಿನಿಂದ ಪ್ರತಿ ನಂಬರನ್ನೂ ಗಟ್ಟಿಯಾಗಿ ವಾಪಸ್ ಓದಿ ಹೇಳುತ್ತೇನೆ.

ಬೆಟ್ಟದ ಮೇಲೇ ಯಾಕೆ ಅಂದರೆ, ಕಾಡಿರುವ ಬೆಟ್ಟಸಾಲು ಅಲ್ಲಿಗೆ ಮುಗಿಯುತ್ತದೆ. ಅದರಾಚೆ ದಕ್ಷಿಣಕ್ಕೆ ಸ್ನೇಕ್ ನದಿಯ ಒಣ ಬಯಲು. ಚಳಿಗಾಲಕ್ಕೆ ಕೆಳಗಿಳಿಯುವ ಹಕ್ಕಿಗಳು ಬಯಲು ದಾಟುವ ಮುಂಚೆ ಇಲ್ಲಿನ ಪೊದೆಗಳಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಎಷ್ಟು ತುಂಬಿದೆ ಅಂತ ನೋಡುವ ರೀತಿ ಚೆನ್ನಾಗಿದೆ. ಕತ್ತಿನ ಕೆಳಗಿನ ಗರಿಗಳನ್ನು ಬಾಯಿಂದ ಉಫ್ ಅಂತ ಊದುತ್ತಾರೆ. ಗರಿ ಬೇರೆಯಾಗಿ ತೆಳು ಚರ್ಮ ಕಾಣುತ್ತದೆ. ಕೊಬ್ಬಿದ್ದರೆ ಗುಳಿಯಲ್ಲಿ ಹಳದಿ, ಬೆಣ್ಣೆ ಮೆತ್ತಿದ ಹಾಗೆ.

ಇನ್ನು ನೋವಿನ ಪ್ರಶ್ನೆ. ಬಲೆ ಕೂದಲೆಳೆಯಂಥ ಕಪ್ಪು ನೈಲಾನ್‌ನದು, ಅದಕ್ಕೆ ಮಿಸ್ಟ್ ನೆಟ್ ಅಂತಾರೆ. ಹಕ್ಕಿ ಅದರ ಜೋಲಿಗೆ ಬಿದ್ದುಕೊಳ್ಳುತ್ತದೆ. ಅರ್ಧ ಗಂಟೆಗೊಮ್ಮೆ ಹೋಗಿ ನೋಡಲೇಬೇಕು. ಗಾಳಿ, ಮಳೆ, ಬಿಸಿಲು ಜೋರಾದರೆ ಬಲೆ ಮುಚ್ಚುತ್ತೇವೆ. ಕುತ್ತಿಗೆಯನ್ನು ತೋರುಬೆರಳು, ಮಧ್ಯದ ಬೆರಳುಗಳ ನಡುವೆ ಸಡಿಲವಾಗಿ ಇಟ್ಟುಕೊಂಡು ಹಿಡಿಯುತ್ತಾರೆ. ರೂಬಿ-ಕ್ರೌನ್ಡ್ ಕಿಂಗ್ಲೆಟ್ ಅಂತ ಒಂದು ಹಕ್ಕಿ ಬರುತ್ತದೆ, ತೂಕ 6 ಗ್ರಾಂ ಸುಮಾರು. ಐದು ರೂಪಾಯಿ ನಾಣ್ಯದಷ್ಟು! ಕೈಯಲ್ಲಿ ಎದೆ ಬಡಿತ ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ. ಹಕ್ಕಿ ಕಣ್ಣು ಮುಚ್ಚಿದರೆ ಅಥವಾ ಏದುಸಿರು ಬಿಟ್ಟರೆ ಉಂಗುರ, ಅಳತೆ ಯಾವುದೂ ಇಲ್ಲ, ತಕ್ಷಣ ಬಿಡುವುದು. ಆದರೂ ಸಾವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಅಮೆರಿಕ, ಕೆನಡಾದ ಹಲವು ಕೇಂದ್ರಗಳ ಲೆಕ್ಕ ಸೇರಿಸಿ ನೋಡಿದಾಗ ಸಾವಿರಕ್ಕೆ ಎರಡು-ಮೂರು ಅಂತ ಬಂದಿದೆ. ಆ ಎರಡು-ಮೂರು ನಿಮ್ಮ ಕೈಯಲ್ಲೇ ಆಗಬಹುದು ಅಂತ ತಿಳಿದುಕೊಂಡೇ ಹೋಗಿ.

ನನಗೆ ಇಷ್ಟ ಗೂಬೆ ರಾತ್ರಿಗಳು. ಸಾ-ವೆಟ್ ಅಂತ ಪುಟ್ಟ ಗೂಬೆ, ಅದರ ಕೂಗನ್ನು ಸ್ಪೀಕರ್‌ನಲ್ಲಿ ಹಾಕಿ ಕರೆಯುತ್ತಾರೆ. ಸಿಕ್ಕ ಮೇಲೆ ಲೈಟ್ ಆರಿಸಿ, ರೆಕ್ಕೆಯ ಅಡಿಗೆ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದರೆ ಹೊಸ ಗರಿಗಳು ಗುಲಾಬಿ ಬಣ್ಣದಲ್ಲಿ ಹೊಳೆಯುತ್ತವೆ. ಹಳೆಯವು ಮಂಕು. ರೆಕ್ಕೆಯೆಲ್ಲ ಒಂದೇ ಸಮ ಗುಲಾಬಿ ಇದ್ದರೆ ಈ ವರ್ಷದ ಮರಿ, ತೇಪೆ ಹಾಕಿದ ಹಾಗಿದ್ದರೆ ದೊಡ್ಡದು.

ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅಮ್ಮ ಕೇಳಿದ್ದು ಒಂದೇ: “ಹಕ್ಕಿಗೂ ಕಾಲುಂಗುರಾನಾ? ಮದುವೆ ಯಾವಾಗಂತೆ?”

ಅಮ್ಮನ ಊರು ಸಾಗರದ ಕಡೆ. ಅವರಿಗೂ ಗೊತ್ತಿರಲಿಲ್ಲ, ನಮ್ಮ ದೇಶದಲ್ಲಿ ಈ ಕೆಲಸ ದೊಡ್ಡದಾಗಿ ನಡೆಯಲು ಶಿವಮೊಗ್ಗ ಜಿಲ್ಲೆಯೇ ಒಂದು ಕಾರಣ ಅಂತ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿತಲ್ಲ, ಅದರ ವೈರಸ್ ರಷ್ಯಾದ ಒಂದು ಉಣ್ಣೆಜ್ವರದ (ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರ) ವೈರಸ್‌ಗೆ ಹತ್ತಿರದ್ದಾಗಿತ್ತು. ವಲಸೆ ಹಕ್ಕಿಗಳು ಉಣ್ಣೆ ಹೊತ್ತು ತಂದವಾ ಅನ್ನುವ ಅನುಮಾನ ಹುಟ್ಟಿತು. ಹಾಗಾಗಿ 1959ರಿಂದ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ, ಸಲೀಂ ಅಲಿಯವರಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಾವಿರಾರು ಹಕ್ಕಿಗಳಿಗೆ ಉಂಗುರ ಹಾಕಿತು.

ನೀವು ಕರ್ನಾಟಕದಲ್ಲೇ ಇದ್ದರೆ ಸುಮ್ನೆ ಬಲೆ ತರಿಸಿ ಕಟ್ಟಬೇಡಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಕ್ಕಿ ಹಿಡಿಯುವುದು ಅಪರಾಧ. ಅದರ ಬದಲು ಚಳಿಗಾಲದಲ್ಲಿ ಗದಗದ ಮಾಗಡಿ ಕೆರೆಗೋ ಮೈಸೂರು ಕಡೆಯ ಕೆರೆಗಳಿಗೋ ಬೈನಾಕ್ಯುಲರ್ ಹಿಡಿದು ಹೋಗಿ. ಪಟ್ಟೆತಲೆ ಹೆಬ್ಬಾತುಗಳ ಕೊರಳು ನೋಡಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿಸಿಕೊಂಡವು ಈ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಬಣ್ಣ, ಅಕ್ಷರ, ಅಂಕಿ, ತಾರೀಕು ಬರೆದುಕೊಳ್ಳಿ, ಫೋಟೋನೂ ತೆಗೆಯಿರಿ. ಫೈವೋ ನೈನೋ ಅಂತ ಎರಡು ಸಲ ನೋಡಿ.